ಮೊದಲ ಸಾಲಿಗೆ ಗೆರೆ ಎಳೆಯುವ ಮುಂಚೆ

(ಧಾರವಾಡದಲ್ಲಿ ಹೈಸ್ಕೂಲ್ ಶಿಕ್ಷಕರು ಮತ್ತು ಬಿ.ಇಡಿ. ವಿದ್ಯಾರ್ಥಿಗಳ ಎದುರು ಆಡಿದ ಮಾತುಗಳ ಬರಹ ರೂಪ)

ಮೊದಲು ಒಂದು ಪ್ಯಾರಾ ಓದುತ್ತೇನೆ. ಇವತ್ತಿನ ಮಾತಿಗೆಂದು ನಾನೇ ಬರೆದುಕೊಂಡು ಬಂದದ್ದು. ಪೆನ್ನು ಬೇಡ, ಸುಮ್ನೆ ಕೇಳಿ.

"ಬ್ಯಾಡಗಿ ಮೆಣಸಿನಕಾಯಿ ಒಣಗಿದ ಮೇಲೆ ಅದರ ಸಿಪ್ಪೆ ಸುಕ್ಕುಗಟ್ಟುತ್ತದೆ. ಗುಂಟೂರಿನ ಕಾಯಿಯ ಪಕ್ಕ ಇಟ್ಟರೆ ಇದರ ಖಾರ ಬಹಳ ಕಡಿಮೆ. ಆದರೂ ದೂರದೂರದ ವ್ಯಾಪಾರಿಗಳು ಇದನ್ನೇ ಹುಡುಕಿಕೊಂಡು ಬ್ಯಾಡಗಿ ಮಾರುಕಟ್ಟೆಗೆ ಬರುತ್ತಾರೆ. ಅವರಿಗೆ ಬೇಕಾಗಿರುವುದು ಇದರ ಕಡುಗೆಂಪು ಬಣ್ಣ. ಮಸಾಲೆ ಪುಡಿ ಮಾಡುವವರಿಗೆ ಆ ಬಣ್ಣ ಬೇಕು. ಕಾಯಿಯಿಂದ ಓಲಿಯೋರೆಸಿನ್ ಎಂಬ ಗಟ್ಟಿ ಎಣ್ಣೆಯಂಥ ಸಾರ ತೆಗೆಯುವ ಕಾರ್ಖಾನೆಗಳಿಗೂ ಅದೇ ಬೇಕು. ಆ ಸಾರ ತಿನ್ನುವ ಪದಾರ್ಥಗಳಿಗೆ ಬಣ್ಣ ಕೊಡಲು ಹೋಗುತ್ತದೆ, ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ. 2011ರಲ್ಲಿ ಈ ಮೆಣಸಿನಕಾಯಿಗೆ ಜಿಐ ಟ್ಯಾಗ್, ಅಂದರೆ ಇದು ಈ ಸೀಮೆಯದೇ ವಿಶೇಷ ಎಂಬ ಅಧಿಕೃತ ಗುರುತು, ಸಿಕ್ಕಿತು."

ಇದನ್ನು ಎಂಟನೇ ತರಗತಿಯಲ್ಲಿ ಓದಿಸಿ, "ಇದರಲ್ಲಿ ಏನಿದೆ?" ಎಂದು ಕೇಳಿ ನೋಡಿ. ಬಹಳಷ್ಟು ಮಕ್ಕಳು "ಮೆಣಸಿನಕಾಯಿ ಬಗ್ಗೆ ಐತ್ರಿ ಸರ" ಅನ್ನುತ್ತಾರೆ. ಸ್ವಲ್ಪ ಚುರುಕಾದ ಹುಡುಗಿಯೊಬ್ಬಳು "ಮೆಣಸಿನಕಾಯಿಂದ ಲಿಪ್‌ಸ್ಟಿಕ್ ಮಾಡ್ತಾರಂತ್ರಿ" ಅನ್ನುತ್ತಾಳೆ. ಟ್ಯೂಷನ್ನಿಗೆ ಹೋಗುವ ಹುಡುಗ ಏನೂ ಮಾತಾಡುವುದಿಲ್ಲ. ಪುಸ್ತಕ ತೆಗೆದು ಮೊದಲ ಸಾಲಿಗೆ ಗೆರೆ ಎಳೆಯುತ್ತಾನೆ. ಅಂದರೆ ಸಿಪ್ಪೆ ಸುಕ್ಕುಗಟ್ಟುತ್ತದೆ ಎನ್ನುವ ಸಾಲಿಗೆ!

ಮೂವರೂ ಓದಿದ್ದಾರೆ. ಒಂದೊಂದು ಪದವೂ ಅವರಿಗೆ ಅರ್ಥವಾಗಿದೆ. ಆದರೆ ಆ ಪ್ಯಾರಾ ಹೇಳಲು ಹೊರಟ ಮಾತು, ಅಂದರೆ ಬ್ಯಾಡಗಿ ಕಾಯಿಗೆ ಬೇಡಿಕೆ ಬಂದಿರುವುದು ಬಣ್ಣದಿಂದ, ಖಾರದಿಂದಲ್ಲ ಎನ್ನುವುದು, ಮೂವರ ಕೈಗೂ ಸಿಕ್ಕಿಲ್ಲ. ನಾನು ಇವತ್ತು ಮಾತಾಡಬೇಕೆಂದಿರುವುದು ಇದರ ಬಗ್ಗೆ. ಓದಲು ಬರುವ ಮಕ್ಕಳಿಗೆ ಓದಿದ್ದರ ತಿರುಳು ಯಾಕೆ ತಪ್ಪಿಹೋಗುತ್ತದೆ? ನಾವು ಕ್ಲಾಸಿನಲ್ಲಿ ಏನು ಮಾಡಿದರೆ ಅದು ಸಿಗುತ್ತದೆ?

ಮೊದಲನೇ ಮಗುವಿನ ಉತ್ತರ ತೆಗೆದುಕೊಳ್ಳೋಣ. "ಮೆಣಸಿನಕಾಯಿ ಬಗ್ಗೆ ಐತ್ರಿ." ಇದು ತಪ್ಪಲ್ಲ, ಅರ್ಧ ಉತ್ತರ. ಯಾವುದರ ಬಗ್ಗೆ ಇದೆ ಅನ್ನುವುದು ಒಂದು ಪ್ರಶ್ನೆ. ಅದರ ಬಗ್ಗೆ ಏನು ಹೇಳಿದ್ದಾರೆ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಒಂದೆರಡು ಪದದಲ್ಲಿ ಮುಗಿಯುತ್ತದೆ. ಎರಡನೆಯದಕ್ಕೆ ಪೂರ್ತಿ ಒಂದು ವಾಕ್ಯ ಬೇಕು, ಕ್ರಿಯಾಪದದ ಸಮೇತ. ಹಾಗಾಗಿ ಕ್ಲಾಸಿನಲ್ಲಿ ಒಂದು ಸಣ್ಣ ಕಟ್ಟುನಿಟ್ಟು ಇಟ್ಟುಕೊಳ್ಳಿ. ಮಗು "ಮೆಣಸಿನಕಾಯಿ" ಎಂದಾಗ ಅಲ್ಲಿಗೇ ಬಿಡಬೇಡಿ. "ಹೂಂ, ಮೆಣಸಿನಕಾಯಿ ಬಗ್ಗೆ ಏನ್ ಹೇಳ್ಯಾರ?" ಎಂದು ಕೇಳಿ. ಮಗು ಪೂರ್ತಿ ವಾಕ್ಯದಲ್ಲಿ ಉತ್ತರ ಕೊಡುವವರೆಗೆ ಕಾಯಿರಿ. ಮಗು ತಡವರಿಸುತ್ತದೆ, ಇನ್ನೊಮ್ಮೆ ಪುಸ್ತಕ ನೋಡುತ್ತದೆ. ಆ ಎರಡನೇ ಸಲ ನೋಡುವುದಿದೆಯಲ್ಲ, ನಿಜವಾದ ಓದು ಶುರುವಾಗುವುದು ಅಲ್ಲಿ.

ಲಿಪ್‌ಸ್ಟಿಕ್ ಎಂದ ಹುಡುಗಿಯದು ಬೇರೆ ಕಥೆ. ಇಡೀ ಪ್ಯಾರಾದಲ್ಲಿ ಎಲ್ಲರಿಗಿಂತ ಜಾಸ್ತಿ ಆಸಕ್ತಿಯಿಂದ ಓದಿದವಳು ಅವಳೇ ಇರಬಹುದು. ಮೆಣಸಿನಕಾಯಿ ತುಟಿಗೆ ಹೋಗುತ್ತದೆ ಅನ್ನುವುದು ಯಾರಿಗಾದರೂ ಅಚ್ಚರಿಯ ಸಂಗತಿ. ಅಚ್ಚರಿಯದ್ದು ನೆನಪಿನಲ್ಲಿ ಉಳಿಯುತ್ತದೆ, ಪಕ್ಕದ್ದನ್ನು ಮರೆಸುತ್ತದೆ. ಬರಹದಲ್ಲಿ ಕಣ್ಣು ಸೆಳೆಯುವ ವಿವರವೇ ಮುಖ್ಯ ಮಾತು ಆಗಿರಬೇಕಿಲ್ಲ. ಅಂಕಿಗಳ ವಿಷಯದಲ್ಲಂತೂ ಇದು ದಿನವೂ ಕಾಣುತ್ತದೆ. ಹುಬ್ಬಳ್ಳಿ ರೈಲು ನಿಲ್ದಾಣದ ಬಗ್ಗೆ ಯಾವ ಪ್ಯಾರಾ ಕೊಟ್ಟರೂ ಮಕ್ಕಳು ಹೇಳುವುದು 1507 ಮೀಟರ್ ಅನ್ನುವುದನ್ನೇ. 2023ರಲ್ಲಿ ಉದ್ಘಾಟನೆಯಾದ ಆ ಪ್ಲಾಟ್‌ಫಾರ್ಮು ಜಗತ್ತಿನಲ್ಲೇ ಉದ್ದದ್ದು, ನಮಗೆಲ್ಲ ಹೆಮ್ಮೆ, ಸರಿ. ಆದರೆ ಅಷ್ಟು ಉದ್ದ ಕಟ್ಟಿದ್ದು ಯಾಕೆ, ರೈಲುಗಳ ಓಡಾಟಕ್ಕೆ ಅದರಿಂದ ಆಗುವ ಅನುಕೂಲ ಏನು ಎಂದು ವಿವರಿಸಲು ಆ ಪ್ಯಾರಾ ಬರೆದಿದ್ದರೆ, ಅಳತೆ ಅಲ್ಲಿ ಬರೀ ಒಂದು ವಿವರ.

ಆ ಹುಡುಗಿಗೆ ತಪ್ಪು ಎನ್ನಬೇಡಿ. ಅವಳ ಕೈಯಿಂದಲೇ ಒಂದು ಕೆಲಸ ಮಾಡಿಸಿ. ಲಿಪ್‌ಸ್ಟಿಕ್ಕಿನ ವಾಕ್ಯದ ಮೇಲೆ ಬೆರಳಿಟ್ಟು ಮುಚ್ಚಲಿ, ಉಳಿದದ್ದನ್ನು ಓದಲಿ. ಪ್ಯಾರಾ ನಿಲ್ಲುತ್ತದಾ? ನಿಲ್ಲುತ್ತದೆ. ಈಗ "ಅವರಿಗೆ ಬೇಕಾಗಿರುವುದು ಇದರ ಕಡುಗೆಂಪು ಬಣ್ಣ" ಅನ್ನುವುದನ್ನು ಮುಚ್ಚಿ ಓದಲಿ. ಖಾರ ಕಡಿಮೆ, ಆದರೂ ವ್ಯಾಪಾರಿಗಳು ಬರುತ್ತಾರೆ. ಯಾಕೆ ಬರುತ್ತಾರೆ? ಗೊತ್ತಾಗುವುದಿಲ್ಲ. ಮುಂದಿನ ಸಾಲಿನಲ್ಲಿ "ಆ ಬಣ್ಣ" ಎಂದಿದೆ. ಯಾವ ಬಣ್ಣ? ಅದೂ ಗೊತ್ತಾಗುವುದಿಲ್ಲ. ಯಾವ ವಾಕ್ಯ ತೆಗೆದರೆ ಉಳಿದವು ಒಂದಕ್ಕೊಂದು ಸಂಬಂಧ ಕಳೆದುಕೊಳ್ಳುತ್ತವೋ, ಮುಖ್ಯ ಮಾತು ಆ ವಾಕ್ಯದಲ್ಲಿ ಇಲ್ಲವೇ ಅದರ ಹತ್ತಿರದಲ್ಲಿ ಇರುತ್ತದೆ. ಮಕ್ಕಳಿಗೆ ಈ ಬೆರಳಿನ ಪರೀಕ್ಷೆ ಬಹಳ ಇಷ್ಟವಾಗುತ್ತದೆ. ಯಾಕೆಂದರೆ ಉತ್ತರ ಸರಿಯೋ ತಪ್ಪೋ ಅಂತ ಮೇಷ್ಟ್ರ ಮುಖ ನೋಡಬೇಕಾಗಿಲ್ಲ, ತಾವೇ ನೋಡಿ ತಿಳಿಯಬಹುದು.

ಜಿಐ ಟ್ಯಾಗ್ ವಾಕ್ಯ ಮುಚ್ಚಿದರೂ ಏನೂ ಆಗುವುದಿಲ್ಲ, ಗಮನಿಸಿದಿರಾ? ಅದು ಬಣ್ಣದ ಮಾತಿಗೆ ಸೇರಿದ್ದೇ ಅಲ್ಲ. ಬರೆಯುವವರು ಗೊತ್ತಿರುವುದನ್ನೆಲ್ಲ ಒಂದೇ ಕಡೆ ತುಂಬುತ್ತಾರೆ. ಅಂಥ ವಾಕ್ಯವನ್ನು "ಇದು ಇಲ್ಲಿಗೆ ಸೇರೋದಿಲ್ರಿ" ಎಂದು ಗುರುತಿಸುವ ಮಗು ಒಳ್ಳೆಯ ಓದುಗ. ಅದಕ್ಕೆ ನಾವು ಶಭಾಷ್ ಎನ್ನಬೇಕು.

ಈಗ ಮೊದಲ ಸಾಲಿಗೆ ಗೆರೆ ಎಳೆದ ಹುಡುಗ. ಅವನ ವಿಷಯದಲ್ಲಿ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಆ ತಪ್ಪನ್ನು ಅವನಿಗೆ ಕಲಿಸಿದವರು ದೊಡ್ಡವರು. "ಪ್ಯಾರಾದ ಮೊದಲ ಸಾಲು ಅಥವಾ ಕೊನೇ ಸಾಲು ಬರೆದುಬಿಡು, ಮಾರ್ಕ್ಸ್ ಬರುತ್ತೆ" ಅನ್ನುವುದು ಗೈಡುಗಳಲ್ಲಿ, ಟ್ಯೂಷನ್ನುಗಳಲ್ಲಿ ಓಡಾಡುವ ಮಾತು. ಈ ನಿಯಮ ಎಲ್ಲಿಂದ ಬಂತು ಎಂದು ಸ್ವಲ್ಪ ನೋಡೋಣ.

ಸ್ಕಾಟ್ಲೆಂಡಿನಲ್ಲಿ ಅಲೆಕ್ಸಾಂಡರ್ ಬೇನ್ ಎಂಬ ಪ್ರಾಧ್ಯಾಪಕರಿದ್ದರು. ಇಂಗ್ಲಿಷ್ ಬರವಣಿಗೆ ಕಲಿಸಲು ಅವರು 1866ರಲ್ಲಿ ಒಂದು ಪಠ್ಯ ತಂದರು. ಅದರಲ್ಲಿ ಪ್ಯಾರಾ ಹೇಗಿರಬೇಕು ಎಂದು ನಿಯಮಗಳನ್ನು ಹಾಕಿಕೊಟ್ಟರು. ಪ್ಯಾರಾದ ಆರಂಭದ ವಾಕ್ಯ ಅದರ ವಿಷಯವನ್ನು ತೋರಿಸಬೇಕು ಎನ್ನುವುದು ಅವುಗಳಲ್ಲಿ ಒಂದು. ಅದು ಬರೆಯುವವರಿಗೆ ಕೊಟ್ಟ ಸಲಹೆ. ಶಾಲೆಯಿಂದ ಶಾಲೆಗೆ ದಾಟುತ್ತ ಅದು ಓದುವವರ ನಿಯಮವೂ ಆಯಿತು. ನಿಜವಾಗಿ ಜನ ಹಾಗೆ ಬರೆಯುತ್ತಾರಾ? 1974ರಲ್ಲಿ ಅಮೆರಿಕದ ರಿಚರ್ಡ್ ಬ್ರ್ಯಾಡಕ್ ಎನ್ನುವವರು ಒಳ್ಳೆಯ ಪತ್ರಿಕೆಗಳ ಪ್ರಬಂಧಗಳನ್ನು ತೆಗೆದುಕೊಂಡು, ಪ್ಯಾರಾ ಪ್ಯಾರಾ ಬಿಡಿಸಿ ನೋಡಿದರು. ಮುಖ್ಯ ವಾಕ್ಯದಿಂದಲೇ ಶುರುವಾಗುವ ಪ್ಯಾರಾಗಳು ನೂರಕ್ಕೆ 13ರಷ್ಟು ಮಾತ್ರ ಸಿಕ್ಕವು. ನೂರು ವರ್ಷ ಮಕ್ಕಳಿಗೆ ಕಲಿಸಿದ ನಿಯಮವನ್ನು ಪಳಗಿದ ಲೇಖಕರೇ ಅಷ್ಟಾಗಿ ಪಾಲಿಸಿರಲಿಲ್ಲ.

ಅದು ಇಂಗ್ಲಿಷಿನ ಲೆಕ್ಕ. ಕನ್ನಡದಲ್ಲಿ ಮೊದಲ ಸಾಲಿನ ನಿಯಮ ಇನ್ನೂ ಕಷ್ಟಕ್ಕೆ ಸಿಕ್ಕಿಸುತ್ತದೆ ಎಂಬುದು ನನ್ನ ಅನಿಸಿಕೆ. ನಮ್ಮ ವಾಕ್ಯದ ಭಾರವೇ ಕೊನೆಗೆ ಬೀಳುತ್ತದೆ. "ಮಳೆ ಚಲೋ ಆಗಿದ್ದರೂ, ಗೊಬ್ಬರ ಹೊತ್ತಿಗೆ ಸರಿಯಾಗಿ ಸಿಕ್ಕಿದ್ದರೂ, ಈ ವರ್ಷ ಹೆಸರಿನ ಇಳುವರಿ ಬರಲಿಲ್ಲ." ಮುಖ್ಯವಾದದ್ದು ಎಲ್ಲಿದೆ? ಕೊನೆಯ ಎರಡು ಪದದಲ್ಲಿ. ಅಲ್ಲಿಯವರೆಗೆ ಕೇಳುವವರು ಕಾಯಬೇಕು. ನಮ್ಮ ಹಿರಿಯರು ಒಂದು ವಿಷಯ ಹೇಳುವ ರೀತಿಯೂ ಹಾಗೇ ಅಲ್ವಾ? ಹಿನ್ನೆಲೆ ಹೇಳಿ, ಅವರಿವರ ಉದಾಹರಣೆ ಕೊಟ್ಟು, "ಅದಕ್ಕ ನಾ ಹೇಳೋದು ಏನಂದ್ರ..." ಎಂದು ಮಾತಿಗೆ ಬರುತ್ತಾರೆ. ಹೀಗೆ ಬರೆದ ಪ್ಯಾರಾದಲ್ಲಿ ಮೊದಲ ಸಾಲಿಗೆ ಗೆರೆ ಎಳೆದರೆ ಹಿನ್ನೆಲೆಗೆ ಗೆರೆ ಎಳೆದಂತೆ.

ಇದಕ್ಕೆ ದಿನನಿತ್ಯದ ಉದಾಹರಣೆ ಸರ್ಕಾರಿ ಆದೇಶ. ನೀವೆಲ್ಲ ನೋಡಿರುತ್ತೀರಿ. ಮೇಲೆ "ವಿಷಯ" ಇರುತ್ತದೆ. ಆಮೇಲೆ "ಓದಲಾಗಿದೆ" ಎಂದು ಹಳೆಯ ಪತ್ರಗಳ ಪಟ್ಟಿ. ಆಮೇಲೆ "ಪ್ರಸ್ತಾವನೆ". ಅದು ಒಂದು ಪುಟ, ಎರಡು ಪುಟ ಹೋಗುತ್ತದೆ. ಯಾರು ಯಾವಾಗ ಏನು ಕೋರಿದರು, ಇಲಾಖೆ ಏನು ಅಭಿಪ್ರಾಯ ಕೊಟ್ಟಿತು ಎಲ್ಲ ಅಲ್ಲಿರುತ್ತದೆ. ಅದೆಲ್ಲ ಮುಗಿದ ಮೇಲೆ ಆದೇಶದ ಭಾಗ. ಅಲ್ಲೂ ಒಂದೇ ವಾಕ್ಯ ಐದಾರು ಸಾಲು ಹರಿದು "ಆದೇಶಿಸಿದೆ" ಎಂದು ನಿಲ್ಲುತ್ತದೆ. ಪ್ರಸ್ತಾವನೆಯಲ್ಲಿ "ಕೋರಿರುತ್ತಾರೆ" ಎಂದು ಇರುವುದನ್ನು ಓದಿ, ಸರ್ಕಾರ ಒಪ್ಪಿಬಿಟ್ಟಿದೆ ಎಂದು ತಿಳಿದವರು ನಮ್ಮಲ್ಲಿ ಕಡಿಮೆ ಇಲ್ಲ. ಕೋರಿದ್ದು ಯಾರು, ತೀರ್ಮಾನ ಕೊಟ್ಟದ್ದು ಯಾರು, ಇವೆರಡನ್ನು ಬೇರೆ ಮಾಡಿ ಓದುವುದು ಸಣ್ಣ ವಿಷಯವಲ್ಲ. ಬೆಳೆವಿಮೆಯ ಪ್ರಕಟಣೆ, ಬ್ಯಾಂಕಿನ ನೋಟಿಸು, ಪಹಣಿ ತಿದ್ದುಪಡಿಯ ಪತ್ರ, ಎಲ್ಲದಕ್ಕೂ ಇದೇ ಓದು ಬೇಕು. ನಮ್ಮ ಕ್ಲಾಸಿನಲ್ಲಿ ಕುಳಿತ ಮಕ್ಕಳಲ್ಲಿ ಹಲವರು ತಮ್ಮ ಮನೆಯಲ್ಲಿ ಇಂಥ ಕಾಗದ ಓದಿ ಹೇಳುವ ಮೊದಲ ತಲೆಮಾರಿನವರು. ಅಪ್ಪ ಕಾಗದ ಕೈಗೆ ಕೊಟ್ಟು "ಏನ್ ಬರದಾರ ನೋಡು ತಮ್ಮಾ" ಅನ್ನುತ್ತಾರೆ. ಆ ಹುಡುಗ "ಬೆಳೆವಿಮೆ ಬಗ್ಗೆ ಐತಿ ಅಪ್ಪಾ" ಎಂದರೆ ಅಪ್ಪನಿಗೆ ಏನೂ ಉಪಯೋಗವಿಲ್ಲ. ಕಂತು ಕಟ್ಟುವ ಕೊನೆಯ ದಿನ ಯಾವುದು, ನಮ್ಮ ಹೋಬಳಿಗೆ ಯಾವ ಬೆಳೆ ಸೇರಿದೆ ಎಂದು ಅವನು ಹೇಳಬೇಕು.

ಸ್ವಲ್ಪ ಬೇರೆ ಕಡೆ ಹೋಗಿ ಬರುತ್ತೇನೆ. ಗದಗದ ಹತ್ತಿರದ ಲಕ್ಕುಂಡಿಗೆ ನಿಮ್ಮಲ್ಲಿ ಬಹಳ ಜನ ಹೋಗಿರುತ್ತೀರಿ. ಅಲ್ಲಿ ಬ್ರಹ್ಮ ಜಿನಾಲಯ ಕಟ್ಟಿಸಿದ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳು ಎಂದು ಹೇಳುತ್ತಾರೆ. ಸಾವಿರ ವರ್ಷದ ಹಿಂದೆ, ಓಲೆಗರಿಯ ಮೇಲೆ, ಕೈಯಿಂದ! ನಾನು ಹೇಳಹೊರಟಿದ್ದು ಆ ಗರಿಗಳ ಬಗ್ಗೆ. ಓಲೆಗರಿಯ ಬರಹದಲ್ಲಿ ಪ್ಯಾರಾ ಅನ್ನುವುದೇ ಇರುವುದಿಲ್ಲ. ಪದ ಪದದ ನಡುವೆ ಜಾಗ ಕೂಡ ಬಿಡುತ್ತಿರಲಿಲ್ಲ. ಅಕ್ಷರಗಳು ಒಂದೇ ಸಮನೆ ಸಾಗುತ್ತವೆ. ಎಲ್ಲಿ ಪದ ಮುಗಿಯಿತು, ಎಲ್ಲಿ ಮಾತು ಮುಗಿಯಿತು ಎಂದು ಬಿಡಿಸಿಕೊಳ್ಳುವ ಕೆಲಸ ಪೂರ್ತಿ ಓದುವವರದ್ದು. ಸಾಲು ಬಿಟ್ಟು, ಜಾಗ ಬಿಟ್ಟು ಬರೆಯುವುದು ನಮ್ಮಲ್ಲಿ ಎಲ್ಲ ಕಡೆ ಬಂದದ್ದು ಅಚ್ಚಿನ ಕಾಲದಲ್ಲಿ. ಹಾಗಾಗಿ ಪ್ಯಾರಾ ಅನ್ನುವುದನ್ನು ನಾನು ಬರೆಯುವವರು ನಮಗೆ ಮಾಡಿಕೊಟ್ಟ ಅನುಕೂಲ ಎಂದು ನೋಡುತ್ತೇನೆ. "ಇಲ್ಲಿಗೆ ಒಂದು ಮಾತು ಮುಗಿಯಿತು, ಇನ್ನೊಂದಕ್ಕೆ ಹೋಗುತ್ತೇನೆ" ಎಂದು ಅವರು ಗುರುತು ಹಾಕಿದ್ದಾರೆ. ಆ ಗುರುತು ಬಂದಲ್ಲಿ ನಿಂತು, ಮುಗಿದ ಮಾತು ಯಾವುದು ಎಂದು ಕೇಳಿಕೊಳ್ಳದೆ ಮುಂದೆ ಓಡಿದರೆ ಆ ಅನುಕೂಲ ವ್ಯರ್ಥ.

ಈಗ ಇನ್ನೊಂದು ಪ್ಯಾರಾ. ಇದೂ ನಮ್ಮ ಕಡೆಯದೇ.

"ಬಿತ್ತನೆಯ ಹೊತ್ತಿಗೆ ರೈತನಿಗೆ ಹಣ ಬೇಕು. ಹಿಂದೆ ಹಳ್ಳಿಯಲ್ಲಿ ಅದನ್ನು ಕೊಡುತ್ತಿದ್ದವನು ಸಾಹುಕಾರ, ಬಡ್ಡಿ ಅವನು ಹೇಳಿದಷ್ಟು. 1904ರಲ್ಲಿ ಬ್ರಿಟಿಷ್ ಸರ್ಕಾರ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ತಂದಿತು. ಆದರೆ ಕಾಯಿದೆ ತಾನಾಗಿ ಯಾರಿಗೂ ಸಾಲ ಕೊಡುವುದಿಲ್ಲ. ಊರವರು ನಂಬುವ ಒಬ್ಬರು ಮುಂದೆ ಬಂದು ಸಂಘ ಕಟ್ಟಬೇಕು. ಗದಗ ತಾಲೂಕಿನ ಕಣಗಿನಹಾಳದಲ್ಲಿ ಆ ಕೆಲಸ ಮಾಡಿದವರು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. 1905ರಲ್ಲಿ ಅಲ್ಲಿ ಶುರುವಾದ ಸಂಘವನ್ನು ಸಹಕಾರಿ ಚಳವಳಿಯವರು ಇಂದಿಗೂ ನೆನೆಯುತ್ತಾರೆ."

ಇಲ್ಲಿ ಮುಖ್ಯ ಮಾತು ನಡುವೆ ಇದೆ. "ಆದರೆ" ಅನ್ನುವುದರ ಆಚೆ. ಅಲ್ಲಿಯವರೆಗೆ ಬಂದದ್ದೆಲ್ಲ ಅದಕ್ಕೆ ದಾರಿ, ಆಮೇಲೆ ಬಂದದ್ದು ಅದಕ್ಕೆ ಉದಾಹರಣೆ. ಮಕ್ಕಳಿಗೆ ಇಂಥ ಪದಗಳ ಮೇಲೆ ಕಣ್ಣಿಡಲು ಹೇಳಿ. "ಆದರೆ" ಬಂದರೆ ಲೇಖಕರು ತಿರುಗುತ್ತಿದ್ದಾರೆ, ತಿರುಗಿದ ಮೇಲೆ ಹೇಳುವುದಕ್ಕೆ ಸಾಮಾನ್ಯವಾಗಿ ತೂಕ ಜಾಸ್ತಿ. "ಉದಾಹರಣೆಗೆ" ಬಂದರೆ ಮುಖ್ಯ ಮಾತು ಅದರ ಹಿಂದೆಯೇ ಹೋಗಿದೆ, ಒಂದು ಹೆಜ್ಜೆ ಹಿಂದೆ ನೋಡಬೇಕು. "ಹೀಗಾಗಿ", "ಆದ್ದರಿಂದ" ಬಂದರೆ ಮುಂದೆ ನೋಡಬೇಕು. "ಅಲ್ಲದೆ", "ಜೊತೆಗೆ" ಬಂದರೆ ವಿವರ ಸೇರುತ್ತಿದೆ. ಇದನ್ನೂ ಬಾಯಿಪಾಠ ಮಾಡಿಸಿ ಇನ್ನೊಂದು ಮೊದಲ ಸಾಲಿನ ನಿಯಮ ಮಾಡಿಬಿಡಬೇಡಿ, ದಯವಿಟ್ಟು. ಕೆಲವರು ಪ್ರತಿ ಎರಡು ವಾಕ್ಯಕ್ಕೆ ಒಂದು "ಆದರೆ" ಹಾಕುತ್ತಾರೆ. ಈ ಪದಗಳು ಎಲ್ಲಿ ನೋಡಬೇಕು ಎಂದು ಹೇಳುತ್ತವೆ, ಅಷ್ಟೇ. ಅಲ್ಲಿ ಏನಿದೆ ಎಂದು ಮಗುವೇ ನೋಡಬೇಕು.

ಇನ್ನು ಕೆಲವು ಪ್ಯಾರಾಗಳಲ್ಲಿ ಮುಖ್ಯ ಮಾತು ಬರೆದೇ ಇರುವುದಿಲ್ಲ. ಮಕ್ಕಳು ಸೋಲುವುದು ಇಲ್ಲಿಯೇ ಹೆಚ್ಚು. ಇದನ್ನು ನೋಡಿ.

"ಚಳಿಗಾಲ ಬಂತೆಂದರೆ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುತ್ತವೆ. ಅವು ಮರಿ ಮಾಡುವುದು ಮಧ್ಯ ಏಷ್ಯಾದ ಎತ್ತರದ ನಾಡುಗಳಲ್ಲಿ. ಅಲ್ಲಿಂದ ಹಿಮಾಲಯ ದಾಟಿ ಇಲ್ಲಿಗೆ ಬರುತ್ತವೆ. ಕೆರೆಯ ನೀರಿನಲ್ಲಿ ಅವುಗಳಿಗೆ ವಿಶ್ರಾಂತಿ ಸಿಗುತ್ತದೆ. ಹೊಟ್ಟೆ ತುಂಬುವುದು ಸುತ್ತಲಿನ ಹೊಲಗಳಲ್ಲಿ, ಶೇಂಗಾ, ಕಡಲೆಯಂಥ ಬೆಳೆಗಳಿಂದ. ಊರವರು ಅವುಗಳನ್ನು ಹೊಡೆಯುವುದಿಲ್ಲ."

ಯಾವ ಸಾಲಿಗೆ ಗೆರೆ ಎಳೆಯುತ್ತೀರಿ? ಯಾವುದಕ್ಕೂ ಆಗುವುದಿಲ್ಲ. ಆದರೆ ಓದಿದ ಮೇಲೆ ಮನಸ್ಸಿನಲ್ಲಿ ಒಂದು ಮಾತು ಕೂಡಿಕೊಳ್ಳುತ್ತದೆ: ಅಷ್ಟು ದೂರದಿಂದ ಬರುವ ಈ ಹಕ್ಕಿಗಳ ಚಳಿಗಾಲ ನಡೆಯುವುದು ಕೆರೆ, ಹೊಲ, ಊರವರು ಮೂವರಿಂದಲೂ. ಪ್ರತಿಯೊಂದು ವಾಕ್ಯವನ್ನು ತಂದು ಇದರ ಪಕ್ಕ ಇಟ್ಟು ನೋಡಿ. ನೀರಿನ ವಾಕ್ಯ ಸೇರುತ್ತದಾ? ಸೇರುತ್ತದೆ. ಹೊಲದ್ದು? ಸೇರುತ್ತದೆ. ಊರವರದ್ದು? ಅದೂ ಸೇರುತ್ತದೆ. ನಮ್ಮ ವಾಕ್ಯ ಸರಿಯಾಗಿದೆ ಎಂದು ತಿಳಿಯುವುದು ಹೀಗೆ. 2024ರಲ್ಲಿ ಮಾಗಡಿ ಕೆರೆ, ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಯಾದ ರಾಮ್ಸರ್ ಪಟ್ಟಿಗೆ ಸೇರಿತು. ಅದನ್ನು ಈ ಪ್ಯಾರಾದಿಂದ ಬೇಕೆಂದೇ ಬಿಟ್ಟೆ. ಸೇರಿಸಿದ್ದರೆ ಎಲ್ಲರ ಕಣ್ಣೂ ಅದರ ಮೇಲೆಯೇ ಹೋಗುತ್ತಿತ್ತು.

ಇಲ್ಲಿ ಒಂದು ಮಾತನ್ನು ಶಿಕ್ಷಕರು ಮರೆಯಬಾರದು. 1988ರಲ್ಲಿ ಅಮೆರಿಕದಲ್ಲಿ ಡೋನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ ಎಂಬ ಇಬ್ಬರು ಹೈಸ್ಕೂಲಿಗೆ ಬರುವ ವಯಸ್ಸಿನ ಮಕ್ಕಳಿಗೆ ಒಂದು ಬೇಸ್‌ಬಾಲ್ ಆಟದ ವಿವರಣೆ ಓದಿಸಿದರು. ಓದಿನಲ್ಲಿ ಹಿಂದೆ ಇದ್ದು ಬೇಸ್‌ಬಾಲ್ ಚೆನ್ನಾಗಿ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಮುಂದೆ ಇದ್ದು ಬೇಸ್‌ಬಾಲ್ ಗೊತ್ತಿಲ್ಲದ ಮಕ್ಕಳಿಗಿಂತ ಚೆನ್ನಾಗಿ ಆ ಆಟವನ್ನು ನೆನಪಿಟ್ಟು ಹೇಳಿದರು. ಮುಖ್ಯವಾದದ್ದು ಯಾವುದು, ಅಲ್ಲದ್ದು ಯಾವುದು ಎಂದು ತೂಗಲು ವಿಷಯದ ಪರಿಚಯ ಬೇಕು. ಮಾರುಕಟ್ಟೆಗೆ ಅಪ್ಪನ ಜೊತೆ ಚೀಲ ಹೊತ್ತು ಹೋದ ಬ್ಯಾಡಗಿಯ ಹುಡುಗ ಮೆಣಸಿನಕಾಯಿ ಪ್ಯಾರಾದ ತಿರುಳು ಬೇಗ ಹಿಡಿಯುತ್ತಾನೆ. ಅದೇ ಹುಡುಗನಿಗೆ ಹಡಗು ಕಟ್ಟೆಯ ಬಗ್ಗೆ ಪ್ಯಾರಾ ಕೊಟ್ಟು, ಉತ್ತರ ಬರಲಿಲ್ಲ ಎಂದು "ಇವನಿಗೆ ಓದೋಕೆ ಬರಲ್ಲ" ಎಂದು ಬರೆದುಕೊಳ್ಳುವುದು ಅನ್ಯಾಯ. ಶುರುವಿಗೆ ಅವರಿಗೆ ಗೊತ್ತಿರುವ ವಿಷಯದ ಪ್ಯಾರಾ ಕೊಡಿ. ನಮ್ಮ ಹೊಲ, ನಮ್ಮ ಸಂತೆ, ನಮ್ಮ ಜಾತ್ರೆ. ವಿಧಾನ ಕೈಗೆ ಹತ್ತಿದ ಮೇಲೆ ಹೊಸ ವಿಷಯಕ್ಕೆ ಕರೆದುಕೊಂಡು ಹೋಗಿ. ಆಗಲೂ ಮೊದಲು ಎರಡು ಮಾತು ವಿಷಯದ ಪರಿಚಯ ಕೊಟ್ಟು ಓದಿಸಿ.

ಪರಿಚಯ ಇರುವುದರಲ್ಲೂ ಒಂದು ತೊಡಕಿದೆ. ಬ್ಯಾಡಗಿಯ ಅದೇ ಹುಡುಗ ಪ್ಯಾರಾದಲ್ಲಿ ಇಲ್ಲದ್ದನ್ನೂ ಹೇಳಿಬಿಡಬಹುದು. "ಈ ವರ್ಷ ರೇಟ್ ಬಿದ್ದೈತ್ರಿ, ಅದನ್ನ ಹೇಳ್ಯಾರ." ಅದು ನಿಜವಿರಬಹುದು, ಅವನ ಮನೆಯ ದೊಡ್ಡ ಚಿಂತೆಯೂ ಇರಬಹುದು. ಆದರೆ ಬರೆದವರು ಅದನ್ನು ಹೇಳಿಲ್ಲ. "ಯಾವ ಸಾಲಿನಾಗ ಐತಿ ತೋರಸು" ಎಂದು ಮೆಲ್ಲಗೆ ಕೇಳಿ. ಅವನ ಮಾತನ್ನು ತಳ್ಳಿಹಾಕಬೇಡಿ, ಅದನ್ನು ಬೇರೆ ಹೊತ್ತಿಗೆ ಇಟ್ಟುಕೊಳ್ಳಿ.

ಕೊನೆಯದಾಗಿ ಪ್ರಶ್ನೆ ತೆಗೆಯುವ ವಿಷಯ. ಗದ್ಯಭಾಗ ಕೊಟ್ಟು "ಸೂಕ್ತ ಶೀರ್ಷಿಕೆ ಕೊಡಿ" ಎಂದು ಕೇಳುವುದು ನಮ್ಮಲ್ಲಿ ರೂಢಿ. "ಮಾಗಡಿ ಕೆರೆ" ಎಂದು ಬರೆದರೆ ಮಾರ್ಕ್ಸ್ ಕೊಡುತ್ತೇವೆ. ಅಂದರೆ ಯಾವುದರ ಬಗ್ಗೆ ಇದೆ ಎನ್ನುವುದಕ್ಕೇ ಮಾರ್ಕ್ಸ್, ಏನು ಹೇಳಿದೆ ಎನ್ನುವುದನ್ನು ಕೇಳಿಯೇ ಇಲ್ಲ. ಅದರ ಬದಲು "ಈ ಪ್ಯಾರಾ ಹೇಳುವುದನ್ನು ನಿಮ್ಮದೇ ಒಂದು ವಾಕ್ಯದಲ್ಲಿ ಬರೆಯಿರಿ" ಎಂದು ಕೇಳಿ. ತಿದ್ದಲು ಹೊತ್ತು ಹಿಡಿಯುತ್ತದೆ, ಒಪ್ಪುತ್ತೇನೆ. ಎಪ್ಪತ್ತು ಮಕ್ಕಳ ಕ್ಲಾಸಿನಲ್ಲಿ ಅದು ದಿನಾ ಆಗುವ ಕೆಲಸವಲ್ಲ.

ಅದು ಆಗದಿದ್ದರೆ ನಾಲ್ಕು ಆಯ್ಕೆ ಕೊಡಿ, ಆದರೆ ಯೋಚಿಸಿ ಕೊಡಿ. ಹೆಬ್ಬಾತಿನ ಪ್ಯಾರಾಕ್ಕೆ ನಾನು ಹೀಗೆ ಕೊಡುತ್ತೇನೆ. ಒಂದು, "ಗದಗ ಜಿಲ್ಲೆಯ ಕೆರೆಗಳಿಗೆ ಬಹಳ ಹಕ್ಕಿಗಳು ಬರುತ್ತವೆ." ಇದು ಪ್ಯಾರಾಕ್ಕಿಂತ ಅಗಲ, ಬೇರೆ ಕೆರೆಯ ಮಾತು ಅಲ್ಲಿಲ್ಲ. ಇನ್ನೊಂದು, "ಹೆಬ್ಬಾತುಗಳು ಶೇಂಗಾ ತಿನ್ನುತ್ತವೆ." ಇದು ಅಲ್ಲಿದೆ, ಆದರೆ ಒಂದೇ ವಾಕ್ಯದ ಅರ್ಧ. ಮತ್ತೊಂದು, ನಾನು ಆಗಲೇ ಹೇಳಿದ ಕೆರೆ, ಹೊಲ, ಊರವರ ವಾಕ್ಯ. ನಾಲ್ಕನೆಯದು, "ವಲಸೆ ಹಕ್ಕಿಗಳನ್ನು ನಾವೆಲ್ಲ ಕಾಪಾಡಬೇಕು."

ಬಹಳ ಮಕ್ಕಳು ಬೀಳುವುದು ಈ ನಾಲ್ಕನೆಯದಕ್ಕೆ. ಕೇಳಲು ಒಳ್ಳೆಯ ಮಾತು, ಯಾರೂ ಬೇಡ ಎನ್ನುವುದಿಲ್ಲ. ಒಂದನೇ ತರಗತಿಯಿಂದ ಪ್ರತಿ ಕಥೆಯ ಕೆಳಗೆ ನೀತಿ ಬರೆಸಿ ಬರೆಸಿ, ಏನೇ ಓದಿದರೂ ಕೊನೆಗೆ ಒಂದು "ಬೇಕು" ಹುಡುಕುವ ಅಭ್ಯಾಸ ನಾವೇ ಹಾಕಿದ್ದೇವೆ. ಈ ಪ್ಯಾರಾ ಯಾರಿಗೂ ಏನೂ ಮಾಡಿ ಎಂದು ಹೇಳಿಲ್ಲ. ಅಲ್ಲಿ ಏನು ನಡೆಯುತ್ತದೆ ಎಂದು ತೋರಿಸಿದೆ, ಅಷ್ಟೇ. ಹಾಗಾಗಿ ಸರಿ ಉತ್ತರಕ್ಕೆ ಟಿಕ್ ಹಾಕಿಸಿ ನಿಲ್ಲಿಸಬೇಡಿ. ಇಬ್ಬಿಬ್ಬರನ್ನು ಜೊತೆ ಕೂರಿಸಿ. ನಾಲ್ಕನೆಯದು ಯಾಕೆ ಆಗುವುದಿಲ್ಲ ಎಂದು ಒಬ್ಬರು ಇನ್ನೊಬ್ಬರಿಗೆ ಪ್ಯಾರಾದ ಸಾಲು ತೋರಿಸಿ ಹೇಳಲಿ. "ಕಾಪಾಡಬೇಕು ಅಂತ ಎಲ್ಲೂ ಬರದಿಲ್ಲ ನೋಡು, ಊರವರು ಹೊಡೆಯೋದಿಲ್ಲ ಅಂತ ಅಷ್ಟ ಬರದಾರ" ಎಂದು ಒಂದು ಮಗು ಇನ್ನೊಂದಕ್ಕೆ ಹೇಳಿದರೆ ಆ ಪಾಠ ಆ ದಿನಕ್ಕೆ ಸಾಕು.